ಗೋಲ್‌ಕೀಪರನ ಬಲಗೈ

ಮಸ್ಕತ್ತಿನ ಅಲ್ ಖೌದ್‌ನ ನಮ್ಮ ಪ್ರೆಸ್ಸಿಗೆ ಬರುತ್ತಿದ್ದದ್ದು ವಿಶ್ವವಿದ್ಯಾಲಯದ ಪ್ರಬಂಧಗಳು, ಅಂಗಡಿಗಳ ಬಿಲ್ ಪುಸ್ತಕಗಳು, ಮದುವೆಯ ಕಾರ್ಡುಗಳು. ಆ ವರ್ಷ ಮೇ ತಿಂಗಳ ಕೊನೆಯ ಒಂದು ಗುರುವಾರ, ಅಂದರೆ ಅಲ್ಲಿನ ವಾರದ ರಜೆಯ ಮೊದಲ ದಿನ, ಸಹಮ್‌ನಿಂದ ಒಬ್ಬ ಸ್ವೀಡಿಶ್ ಇಂಜಿನಿಯರ್ ಎರಡು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದರು. ಸೊಹಾರ್ ಬಂದರಿನ ಹತ್ತಿರ ಏಳುತ್ತಿದ್ದ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ. ವಯಸ್ಸು ಅರವತ್ತರ ಹತ್ತಿರ. ಬಿಸಿಲಿಗೆ ಮುಖ ಕೆಂಪಗೆ ಸುಲಿದಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಅವರ ಊರಿನ ಐಸ್ ಹಾಕಿ ಕ್ಲಬ್ಬಿನ ಚರಿತ್ರೆ. ಹತ್ತು ವರ್ಷ ಕೂಡಿಹಾಕಿ ಅವರೇ ಬರೆದದ್ದು. ಸೆಪ್ಟೆಂಬರಿನಲ್ಲಿ ಕ್ಲಬ್ಬಿನ ವಾರ್ಷಿಕೋತ್ಸವದ ಸೀಸನ್ ಶುರುವಾಗುತ್ತದೆ, ಊರಿನಲ್ಲಿ ನಡೆಯುವ ಮೊದಲ ಪಂದ್ಯದ ದಿನ ಪುಸ್ತಕ ಜನರ ಕೈಯಲ್ಲಿರಬೇಕು ಎಂದರು. ಅಲ್ಲಿಯೇ ಅಚ್ಚು ಹಾಕಿಸಬಹುದಲ್ಲ ಎಂದು ಮ್ಯಾನೇಜರ್ ಕೇಳಿದರು.

"ಅಲ್ಲಿ ಮಾಡಿಸಿದರೆ ನಾನು ದೂರದಿಂದ ಪ್ರೂಫ್ ನೋಡಬೇಕು. ಇಲ್ಲಾದರೆ ಪಕ್ಕದಲ್ಲಿ ಕೂತು ಮಾಡಿಸಬಹುದು" ಎಂದರು ಇಂಜಿನಿಯರ್.

ಮ್ಯಾನೇಜರ್ ಕೇರಳದವರು, ಹಿಂದಿ, ಇಂಗ್ಲಿಷ್, ಅರಬ್ಬಿ ಮೂರನ್ನೂ ಕಲಸಿ ಮಾತಾಡುವವರು. ನನ್ನ ಕಡೆ ಕೈ ತೋರಿಸಿ, "ಪೇಜ್ ಕೆಲಸಕ್ಕೆ ನಮ್ಮಲ್ಲಿ ಈ ಮೇಡಂ ನಂಬರ್ ಒನ್" ಎಂದರು. ಸುಳ್ಳೇನಲ್ಲ. ಮೈಸೂರಿನಲ್ಲಿ ನಾಲ್ಕು ವರ್ಷ, ಅಲ್ಲಿ ಆರು ವರ್ಷ ನಾನು ಮಾಡಿದ್ದು ಪುಟ ಜೋಡಿಸುವ ಕೆಲಸವೇ. ಇಂಜಿನಿಯರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. ಹಾಗೆ ಕೂತದ್ದು ಎರಡೇ ಗುರುವಾರ.

ಮೊದಲ ಎಡವಟ್ಟು ನನ್ನದೇ. ಸ್ವೀಡಿಶ್ ಭಾಷೆಯಲ್ಲಿ 'ಎ' ಅಕ್ಷರದ ತಲೆಯ ಮೇಲೆ ಕೆಲವು ಕಡೆ ಒಂದು ಪುಟ್ಟ ಉಂಗುರ ಕೂರುತ್ತದೆ, ಕೆಲವು ಕಡೆ ಎರಡು ಚುಕ್ಕಿ, 'ಒ' ಮೇಲೂ ಎರಡು ಚುಕ್ಕಿ. ಅವರ ಕಂಪ್ಯೂಟರಿನಿಂದ ನಮ್ಮದಕ್ಕೆ ಫೈಲು ಬಂದಾಗ ಆ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿದ್ದವು. ಪುಟಗಳ ಲೆಕ್ಕ ಸಿಗಲಿ ಎಂದು ನಾನು ಚೌಕಗಳನ್ನೆಲ್ಲ ಬರಿಯ 'ಎ', ಬರಿಯ 'ಒ' ಮಾಡಿ ಅರವತ್ತು ಪುಟ ಜೋಡಿಸಿಬಿಟ್ಟೆ. ಅವು ಅಲಂಕಾರ, ಆಮೇಲೆ ನೋಡಿದರಾಯಿತು ಎಂಬ ಧೈರ್ಯ. ಮುಂದಿನ ಗುರುವಾರ ಇಂಜಿನಿಯರ್ ಪ್ರೂಫ್ ಓದುತ್ತಾ ಓದುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ತಡೆಯಲಾಗಿರಲಿಲ್ಲ. ಅಲ್ಲಿದ್ದ ಒಂದು ಪದ ಉಂಗುರವಿದ್ದರೆ 'ಮೋಲ್', ಅಂದರೆ ಗೋಲು. ಉಂಗುರ ಬಿದ್ದುಹೋದರೆ 'ಮಾಲ್', ಉಣ್ಣೆ ಬಟ್ಟೆ ತಿನ್ನುವ ಹುಳು.

"ನಮ್ಮ ಕ್ಲಬ್ಬು ಆ ಚಳಿಗಾಲದಲ್ಲಿ ಅತಿ ಹೆಚ್ಚು ಹುಳು ಹೊಡೆದ ತಂಡ!" ಎಂದು ಓದಿ ತೋರಿಸಿದರು.

ಕೋಣೆಯ ಆ ತುದಿಯಿಂದ ಇನ್ನೊಬ್ಬರ ನಗು ಕೇಳಿತು. ಸ್ಕ್ಯಾನಿಂಗ್ ಮೇಜಿನವರದು.

ಅವರು ಪ್ರೆಸ್ಸಿಗೆ ಸೇರಿ ಮೂರು ತಿಂಗಳಾಗಿತ್ತು. ಮೂಡುಬಿದಿರೆಯ ಕಡೆಯ ತರುಣ, ನನಗಿಂತ ಆರೇಳು ವರ್ಷ ಚಿಕ್ಕವರು. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ 'ಮೂಡುಬಿದಿರೆ' ಎಂದು. ಹಳೆಯ ಫೋಟೊ ಸ್ಕ್ಯಾನ್ ಮಾಡಿ, ಗೀರು, ಕಲೆ, ಬೂಷ್ಟು ತೆಗೆದು, ಅಚ್ಚಿಗೆ ಸಿದ್ಧ ಮಾಡಿ ಕೊಡುವುದು ಅವರ ಕೆಲಸ. ಮನೆಯವರ ಜೊತೆ ಫೋನಿನಲ್ಲಿ ತುಳು, ನನ್ನ ಜೊತೆ ಕನ್ನಡ. ನನಗೆ 'ಅಕ್ಕ' ಎನ್ನುತ್ತಿದ್ದರು.

"ಎಂತ ಅಕ್ಕ, ಹುಳು ಹೊಡೆದದ್ದಾ ನೀವು?" ಎಂದರು ಆವತ್ತು. ಕೀಟಲೆಯಷ್ಟೇ. ಇಂಜಿನಿಯರ್ ಅವರ ಕಡೆ ತಿರುಗಿ, ಏನಂದಿರಿ ಎಂದು ಕೇಳಿದರು. ಮೂಡುಬಿದಿರೆ ಇಂಗ್ಲಿಷಿನಲ್ಲಿ ಹೇಳಿದರು. ಇಬ್ಬರೂ ಮತ್ತೆ ನಕ್ಕರು. ಇಂಜಿನಿಯರ್ ಎದ್ದು ಅವರ ಮೇಜಿಗೆ ಹೋಗಿ, ಪರದೆಯ ಮೇಲಿದ್ದ ಫೋಟೊ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಕುರ್ಚಿಯೂ ಅಲ್ಲಿಗೆ ಹೋಯಿತು.

ಬರಿಯ 'ಎ' ಯಾವುದು, ಉಂಗುರ ಬಿದ್ದುಹೋದ 'ಎ' ಯಾವುದು ಎಂದು ಕಂಪ್ಯೂಟರಿಗೆ ಈಗ ಗೊತ್ತಾಗುವಂತಿರಲಿಲ್ಲ. ಮೂಲಪ್ರತಿಯನ್ನು ಎಡಕ್ಕಿಟ್ಟುಕೊಂಡು, ಸಾಲಿನ ಕೆಳಗೆ ಸ್ಕೇಲು ಹಿಡಿದು, ಒಂದೊಂದೇ ಉಂಗುರ, ಒಂದೊಂದೇ ಚುಕ್ಕಿ ನಾನು ಕೈಯಿಂದ ಕೂರಿಸಬೇಕಾಯಿತು. ಎರಡು ವಾರ ಹಿಡಿಯಿತು. ಒಂದು ಪದವೂ ಅರ್ಥವಾಗದ ಭಾಷೆ. ಆ ಎರಡು ವಾರವೂ ಸ್ಕ್ಯಾನಿಂಗ್ ಮೇಜಿನಿಂದ ಮಾತು, ನಗು ಕೇಳಿಬರುತ್ತಲೇ ಇತ್ತು.

ಇಂಜಿನಿಯರ್ ಪ್ರತಿ ಗುರುವಾರ ಬಂದು ಫೋಟೊಗಳ ಕಥೆ ಹೇಳುತ್ತಿದ್ದರು. ಹೇಳುತ್ತಿದ್ದದ್ದು ಮೂಡುಬಿದಿರೆಗೆ, ನಾನು ಕೇಳಿಸಿಕೊಳ್ಳುತ್ತಿದ್ದವಳು. ಮರದ ತಿರುಳಿನಿಂದ ಕಾಗದ ಮಾಡುವ ಕಾರ್ಖಾನೆಯ ಊರು. ಕೆಲಸದ ಪಾಳಿ ಮುಗಿಸಿದ ಗಂಡಸರು ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಸಲಿಕೆಯಿಂದ ಹಿಮ ಸರಿಸಿ ಅಂಗಳ ಮಾಡಿಕೊಂಡದ್ದು ಕ್ಲಬ್ಬಿನ ಶುರು. ಮೊದಲ ಜೆರ್ಸಿಗಳನ್ನು ಹೆಂಡತಿಯರು ಮನೆಯಲ್ಲಿ ಹೆಣೆದರಂತೆ. ಚಾವಣಿಯಿಲ್ಲದ ಆ ಅಂಗಳದಲ್ಲೇ ಒಂದು ಪಂದ್ಯ ಗೆದ್ದು ತಂಡ ದೇಶದ ಮೇಲಿನ ದರ್ಜೆಗೆ ಏರಿತು. ಆಮೇಲೆ ಒಳಾಂಗಣ ಕಟ್ಟಿದರು. ಮೊದಲ ಚಿನ್ನ ಬಂತು, ಇನ್ನೆರಡು ಚಿನ್ನ ಬಂದವು. ನಡುವೆ ಕೆಳಗಿನ ದರ್ಜೆಗೆ ಬಿದ್ದ ವರ್ಷಗಳೂ ಇದ್ದವು. ಆ ವರ್ಷಗಳಲ್ಲಿ ಊರಿನವರು ಇನ್ನೂ ಹೆಚ್ಚು ಬಂದು ಕೂರುತ್ತಿದ್ದರು ಎಂದರು. ಅಮೆರಿಕದ ದೊಡ್ಡ ಲೀಗಿಗೆ ಹೋದ ಹುಡುಗರು ಕೊನೆಯ ಸೀಸನ್ ಆಡಲು ಊರಿಗೇ ಮರಳುತ್ತಿದ್ದರು.

ಪುಸ್ತಕದ ಹಿಂಭಾಗದಲ್ಲಿ ಸಣ್ಣ ಅಕ್ಷರದ ಕೋಷ್ಟಕಗಳಿದ್ದವು. ಪ್ರತಿ ಸೀಸನ್, ಪ್ರತಿ ಪಂದ್ಯ, ಗೋಲು ಹೊಡೆದವನು ಯಾರು, ಹೊಡೆಯಲು ಪಕ್ ದಾಟಿಸಿಕೊಟ್ಟವನು ಯಾರು. ಪಕ್ ಎಂದರೆ ಅವರ ಆಟದ ಕಪ್ಪು ರಬ್ಬರ್ ಬಿಲ್ಲೆ. ಅದನ್ನು ಒಮ್ಮೆ ತಳ್ಳಿದವನ ಹೆಸರೂ ಐವತ್ತು ವರ್ಷ ಉಳಿದಿತ್ತು. ನನ್ನ ತಂದೆ ಮೈಸೂರಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಅವರ ಹೊಡೆತ ನೋಡಲು ಜನ ಸೈಕಲ್ ನಿಲ್ಲಿಸುತ್ತಿದ್ದರು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಒಂದು ಫೋಟೊ ಇಲ್ಲ, ಒಂದು ಸಾಲು ಬರಹ ಇಲ್ಲ. ಕೋಷ್ಟಕದ ಅಂಕಣಗಳನ್ನು ನೇರ ಮಾಡುತ್ತಾ ಆ ಕಾಗದದ ಊರಿನ ಮೇಲೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಆದರೆ ದಿನದಿನದ ಉರಿ ಮೂಡುಬಿದಿರೆಯ ಮೇಲೆ. ಅವರಿಗೆ ಆಟದ ನಿಯಮ ತಿಳಿಯಿತು. ಸ್ವೀಡಿಶ್‌ನಲ್ಲಿ ಎಣಿಸುವುದು ಬಂತು. ಫೋಟೊಗಳನ್ನು ಕವರಿಗೆ ಹಾಕುವಾಗ "ಎತ್, ತ್ವೋ, ತ್ರೇ" ಎಂದು ಗಟ್ಟಿಯಾಗಿ ಎಣಿಸುತ್ತಿದ್ದರು. ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುವುದೊಂದು ಬಾಕಿ. ಜುಲೈಯಲ್ಲಿ ಇಂಜಿನಿಯರ್ ಅವರನ್ನು ಸಹಮ್‌ನ ಮನೆಗೆ ಊಟಕ್ಕೆ ಕರೆದರು. ಹಳೆಯ ಫೈನಲ್ ಪಂದ್ಯದ ಟೇಪು ತೋರಿಸಿದರಂತೆ. ಹೊರಗೆ ಕಾರಿನ ಬಾಗಿಲು ಮುಟ್ಟಲಾಗದ ಬಿಸಿಲು, ಒಳಗೆ ಟಿವಿಯಲ್ಲಿ ಹಿಮ ಎಂದು ಬಂದು ವರ್ಣಿಸಿದರು. ಫೋಟೊಗಳ ಕೆಳಗಿನ ವಿವರಗಳಲ್ಲಿ ಯಾವ ಹೆಸರು ಯಾವ ಮುಖದ್ದು ಎಂದು ನೋಡುವ ಕೆಲಸವೂ ಅವರಿಗೇ ಹೋಯಿತು. ಒಂದು ಗುರುವಾರ ಇಂಜಿನಿಯರ್ ಮ್ಯಾನೇಜರರ ಎದುರು, "ಈ ಮನುಷ್ಯನಿಲ್ಲದಿದ್ದರೆ ಈ ಪುಸ್ತಕ ಆಗುತ್ತಿರಲಿಲ್ಲ" ಎಂದರು. ನಾನು ಮೂರು ಮಾರು ದೂರದಲ್ಲಿ ಕೂತು ಪುಟ ಜೋಡಿಸುತ್ತಿದ್ದೆ.

ಮನೆಯಲ್ಲಿ ಹೇಳಿಕೊಂಡೆ. ನನ್ನ ಯಜಮಾನರು ಅನ್ನಕ್ಕೆ ಸಾರು ಕಲಸುತ್ತಾ, "ನಿನ್ನ ಕೆಲಸ ಚೆನ್ನಾಗಿದ್ರೆ ಯಾರ ಕಣ್ಣಿಗೂ ಬೀಳಲ್ಲ ಕಣೇ. ತಪ್ಪಾದ್ರೇನೇ ಕಾಣೋದು" ಎಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಅದೇ ಮಾತು ಬೇರೆ ಥರ ಕೂತಿತು. ಅವರ ಕೆಲಸದಲ್ಲಿ ಒಂದು ತಪ್ಪು ಕಾಣಲಿ ಎಂದು ನಾನು ಕಾಯತೊಡಗಿದೆ.

ನಮ್ಮಲ್ಲಿ ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ಒಂದು ದೊಡ್ಡ ಹಾಳೆಯ ಎರಡೂ ಮುಖ ಸೇರಿ ಹದಿನಾರು ಪುಟ, ಅದು ಒಂದು ಫಾರಂ. ಒಂದೊಂದು ಫಾರಮಿನ ಕೊನೆಯ ಪ್ರೂಫಿನ ಮೇಲೆ ಗಿರಾಕಿ ಸಹಿ ಹಾಕಬೇಕು. ಸಹಿಯಾದ ಮೇಲೆ ಒಂದು ಚುಕ್ಕಿಯನ್ನೂ ಮುಟ್ಟಬಾರದು. ಫಿಲ್ಮು, ಪ್ಲೇಟು, ಆಮೇಲೆ ಮೆಷಿನ್. ಈ ನಿಯಮವನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನೇ.

ಆಗಸ್ಟ್ ಮಧ್ಯದಲ್ಲಿ ಮೂರನೆಯ ಫಾರಮಿಗೆ ಸಹಿಯಾಯಿತು. ಅದರಲ್ಲಿ ತಂಡ ಮೇಲಿನ ದರ್ಜೆಗೆ ಏರಿದ ಆ ಬಯಲು ಪಂದ್ಯದ ಫೋಟೊ ಇತ್ತು, ಇಡೀ ಪುಟದ್ದು. ಹಿಮದ ದಿಬ್ಬದ ಮುಂದೆ ಬಾಗಿ ನಿಂತ ಗೋಲ್‌ಕೀಪರ್, ಮುಖಕ್ಕೆ ಯಾವ ರಕ್ಷಣೆಯೂ ಇಲ್ಲ, ಬಾಯಿಂದ ಹಬೆ, ಗ್ಲೌಸಿನಲ್ಲಿ ಆಗ ತಾನೇ ಹಿಡಿದ ಪಕ್. ಅವರು ಇಂಜಿನಿಯರರ ತಂದೆ ಎಂದು ಪ್ರೆಸ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಊರಿನ ಹಳೆಯ ಫೋಟೊಗ್ರಾಫರ್ ಒಬ್ಬರ ಮಗಳು ಕಳಿಸಿದ ನೆಗೆಟಿವ್ ಅದು, ಅಂಚು ಕತ್ತರಿಸಿದ ಒಂದೇ ತುಣುಕು. ಮೂಡುಬಿದಿರೆ ಅದರ ಮೇಲೆ ನಾಲ್ಕು ದಿನ ಕೂತಿದ್ದರು.

ಮಂಗಳವಾರ ಫಿಲ್ಮಿಗೆ ಕಳಿಸುವ ಮೊದಲು ಪುಟಗಳನ್ನು ಕೊನೆಯ ಸಲ ತಿರುಗಿಸಿ ನೋಡುತ್ತಿದ್ದೆ. ಆ ಗೋಲ್‌ಕೀಪರ್ ಪಕ್ ಹಿಡಿದದ್ದು ಬಲಗೈಯಲ್ಲಿ. ಕೋಲು ಎಡಗೈಯಲ್ಲಿ. ನಾನು ಬೇರೆ ಪುಟಗಳಿಗೆ ಹೋದೆ. ಪುಸ್ತಕದಲ್ಲಿದ್ದ ಉಳಿದ ಎಲ್ಲ ಗೋಲ್‌ಕೀಪರ್‌ಗಳೂ ಹಿಡಿಯುವ ಗ್ಲೌಸನ್ನು ಎಡಗೈಗೆ ಹಾಕಿದ್ದರು, ಕೋಲು ಬಲಗೈಯಲ್ಲಿ. ಒಬ್ಬರೂ ಬೇರೆ ಇಲ್ಲ.

ನೆಗೆಟಿವನ್ನು ಮಗುಚಿ ಸ್ಕ್ಯಾನ್ ಮಾಡಿದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರುತ್ತದೆ. ಈ ಕೆಲಸದಲ್ಲಿ ಅದು ಎಲ್ಲರೂ ಹೆದರುವ ತಪ್ಪು. ಫೋಟೊದಲ್ಲಿ ಅಕ್ಷರ ಎಲ್ಲಾದರೂ ಇದ್ದರೆ ತಿಳಿಯುತ್ತಿತ್ತು. ಇಲ್ಲಿ ಸುತ್ತ ಹಿಮ, ಎದೆಯ ಮೇಲಿನ ಲಾಂಛನವನ್ನು ತೋಳು ಮುಚ್ಚಿತ್ತು.

ನನಗಾದದ್ದು ಗಾಬರಿಯಲ್ಲ. ಸಿಕ್ಕಿಬಿದ್ದ ಎನಿಸಿತು.

ಮೂಡುಬಿದಿರೆ ಆ ದಿನ ಪ್ರೆಸ್ಸಿನಲ್ಲಿರಲಿಲ್ಲ. ಕೊನೆಯ ಅಧ್ಯಾಯದ ಚಿತ್ರಗಳನ್ನು ಆರಿಸಲು ಇಂಜಿನಿಯರರ ಜೊತೆ ಮೂರು ದಿನ ಸೊಹಾರ್‌ನಲ್ಲಿದ್ದರು. ಅದೂ ನನಗೆ ಉರಿಯಾಗಿತ್ತು. ನೆಗೆಟಿವ್ ಅವರ ಮೇಜಿನ ಡ್ರಾಯರಿನಲ್ಲಿ ಕವರಿನೊಳಗಿತ್ತು. ಅದರ ಒಂದು ಮುಖ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಹೊಳೆಯುವ ಮುಖ ನಮ್ಮ ಕಡೆಗಿದ್ದಾಗ ಕಾಣುವುದೇ ನಿಜವಾದ ಚಿತ್ರ. ಹಾಗೆ ಬೆಳಕಿಗೆ ಹಿಡಿದು ನೋಡಿದ್ದರೆ ಎರಡೇ ನಿಮಿಷದಲ್ಲಿ ತಿಳಿದುಹೋಗುತ್ತಿತ್ತು. ನಾನು ಡ್ರಾಯರಿನವರೆಗೆ ಹೋದೆ. ತೆರೆಯಲಿಲ್ಲ. ತೆರೆದರೆ ತಪ್ಪಿಲ್ಲವೆಂದು ಗೊತ್ತಾಗಬಹುದು ಎಂಬ ಅಳುಕು ನನ್ನೊಳಗೆ ಇತ್ತೋ ಏನೋ. ಈಗ ಯೋಚಿಸಿದರೆ ಇತ್ತು ಎಂದೇ ಅನಿಸುತ್ತದೆ.

ನೇರವಾಗಿ ಮ್ಯಾನೇಜರರ ಕೋಣೆಗೆ ಹೋದೆ.

"ಸರ್, ಮೂಡುಬಿದಿರೆಯವರು ಫೋಟೊ ಉಲ್ಟಾ ಸ್ಕ್ಯಾನ್ ಮಾಡಿದ್ದಾರೆ. ಇಂಜಿನಿಯರ್ ತಂದೆಯ ಫೋಟೊನೇ. ಅವರ ಗಮನಕ್ಕೂ ಬಂದಿಲ್ಲ, ಸಹಿ ಹಾಕಿಬಿಟ್ಟಿದ್ದಾರೆ."

ಮ್ಯಾನೇಜರ್ ನನ್ನ ಪ್ರಿಂಟ್ ನೋಡಿದರು, ಬೇರೆ ಗೋಲ್‌ಕೀಪರ್‌ಗಳನ್ನು ನೋಡಿದರು. "ಅಯ್ಯೋ. ಫೋನ್ ಮಾಡಿ ಕೇಳೋಣವಾ?"

"ಬೇಡ ಸರ್. ಗ್ಲೌಸ್ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಮೆಷಿನ್ ಖಾಲಿ ಇದೆ, ಇವತ್ತು ತಪ್ಪಿದ್ರೆ ಶನಿವಾರಕ್ಕೆ ಹೋಗುತ್ತೆ."

"ಯಲ್ಲಾ, ಬೇಗ ತಿರುಗಿಸಿ. ಖಲಾಸ್. ನೀವು ನೋಡಿದ್ದು ಒಳ್ಳೇದಾಯ್ತು ಮೇಡಂ."

ಮೂರು ತಿಂಗಳಲ್ಲಿ ಆ ಪುಸ್ತಕದ ವಿಷಯದಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಮೌಸಿನ ಒಂದೇ ಒತ್ತಿಗೆ ಗೋಲ್‌ಕೀಪರ್ ಮಗುಚಿಕೊಂಡ. ಬುಧವಾರ ಸಂಜೆಯೊಳಗೆ ಮೂರನೆಯ ಫಾರಂ ಅಚ್ಚಾಗಿ ಮುಗಿಯಿತು.

ಗುರುವಾರ ಮಧ್ಯಾಹ್ನ ಇಬ್ಬರೂ ಬಂದರು. ಇಂಜಿನಿಯರ್ ನಮಗೆಲ್ಲ ಹಲ್ವಾ ತಂದಿದ್ದರು. ಅಚ್ಚಾದ ಹಾಳೆಗಳನ್ನು ನೋಡುವ ಆಸೆ ಅವರಿಗೆ. ಮೆಷಿನ್ ಹಾಲಿನಲ್ಲಿ ಮರದ ಹಲಗೆಯ ಮೇಲೆ ಒಟ್ಟಿದ್ದ ಹಾಳೆಗಳಿಂದ ಒಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನಗುತ್ತಿದ್ದ ಮುಖ ಹಾಗೇ ನಿಂತುಹೋಯಿತು. ಇನ್ನೊಂದು ಹಾಳೆ ಎತ್ತಿದರು. ಅದೂ ಹಾಗೆಯೇ ಇರುವುದನ್ನು ನೋಡಿ ಕೆಳಗಿಟ್ಟರು.

"ಇದು ನನ್ನ ಅಪ್ಪ ಅಲ್ಲ" ಎಂದರು.

ಆಮೇಲೆ ವಿವರಿಸಿ ಹೇಳಿದರು. ತಂದೆ ಹದಿನೇಳರ ವಯಸ್ಸಿನಲ್ಲಿ ಕಾಗದದ ಕಾರ್ಖಾನೆಯ ಯಂತ್ರಕ್ಕೆ ಎಡಗೈಯ ಎರಡು ಬೆರಳು ಕೊಟ್ಟವರು. ಆ ಕೈಗೆ ಪಕ್ ನಿಲ್ಲುತ್ತಿರಲಿಲ್ಲ. ಆದ್ದರಿಂದ ಕೋಲನ್ನು ಎಡಗೈಗೆ ಬದಲಾಯಿಸಿ, ಎರಡು ಚಳಿಗಾಲ ಒಬ್ಬರೇ ಅಭ್ಯಾಸ ಮಾಡಿ, ಬಲಗೈಯಲ್ಲಿ ಹಿಡಿಯುವುದನ್ನು ಕಲಿತರು. ಹಾಗೆ ಹಿಡಿಯುವವರು ಆಗ ಬಹಳ ಅಪರೂಪ. ಎದುರಾಳಿಗಳಿಗೆ ಪಕ್ ಯಾವ ಕಡೆ ಹೊಡೆಯಬೇಕೆಂದು ಗೊಂದಲವಾಗುತ್ತಿತ್ತು. ಆ ದಿನ ಗೆದ್ದದ್ದೂ ಅದರಿಂದಲೇ ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಎಲ್ಲರ ಕಣ್ಣೂ ಮೂಡುಬಿದಿರೆಯ ಕಡೆ ತಿರುಗಿತ್ತು. ಫೋಟೊ ಉಲ್ಟಾ ಎಂದರೆ ಸ್ಕ್ಯಾನಿಂಗ್ ಮೇಜು, ಇನ್ನೇನು. ಮ್ಯಾನೇಜರ್ ಒಂದು ಕ್ಷಣ ನನ್ನನ್ನು ನೋಡಿದರು. ಸಹಿಯಾದ ಪುಟ ಮುಟ್ಟಲು ಒಪ್ಪಿಗೆ ಕೊಟ್ಟವರು ಅವರು.

"ಸ್ಕ್ಯಾನಿಂಗ್ ಮಿಸ್ಟೇಕ್ ಸರ್. ಸಹಿ ಆದ್ಮೇಲೆ ಇವರು ಕೊಟ್ಟ ಫೈಲು ಉಲ್ಟಾ ಇತ್ತು" ಎಂದರು. "ಹೊಸಬರು. ಸಾರಿ ಹೇಳಿ" ಎಂದು ಮೂಡುಬಿದಿರೆಗೆ ಹಿಂದಿಯಲ್ಲಿ ಗದರಿದರು.

ಮೂಡುಬಿದಿರೆ ಹಾಳೆಯನ್ನೇ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ತಲೆ ಎತ್ತದೆಯೇ, "ಸಾರಿ ಸರ್" ಎಂದರು.

ಇಂಜಿನಿಯರ್ ಅವರನ್ನು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಸಿಟ್ಟಲ್ಲ. "ಮನೆಗೆ ಊಟಕ್ಕೆ ಬಂದಾಗ ನಿಮಗೆ ಹೇಳಿದ್ದೆನಲ್ಲ" ಎಂದಷ್ಟೇ ಕೇಳಿದರು. ಆ ಕ್ಷಣ ನನಗೆ ಸಂತೋಷವಾಯಿತು. ಇದನ್ನು ಬಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ತಪ್ಪು ನನ್ನದೆಂದು ಗೊತ್ತಿದ್ದೂ, ಅವರಿಬ್ಬರ ನಡುವೆ ಏನೋ ಮುರಿದದ್ದು ನೋಡಿ ಒಳಗೊಳಗೇ ತಂಪಾಯಿತು.

ಮತ್ತೆ ಅಚ್ಚು ಹಾಕೋಣ ಎಂದು ಯಾರೂ ಹೇಳಲಿಲ್ಲ. ಇಂಜಿನಿಯರೇ, "ಸಮಯ ಎಲ್ಲಿದೆ. ವಿಮಾನಕ್ಕೆ ಎರಡು ವಾರ. ಇರಲಿ ಬಿಡಿ" ಎಂದು ಹೊರಟರು. ಹಲ್ವಾದ ಡಬ್ಬಿಯನ್ನು ಯಾರೂ ತೆರೆಯಲಿಲ್ಲ.

ನಾನು ಮೇಜಿಗೆ ಬಂದು ಆ ಪುಟ ತೆರೆದೆ. ಎಡಕ್ಕೆ ಬರಹ, ಬಲಕ್ಕೆ ಫೋಟೊ. ಬರಹದ ನಡುವೆ ಒಂದು ಕಡೆ ಕಣ್ಣು ನಿಂತಿತು: 'ತ್ವೋ ಫಿಂಗ್ರಾರ್'. ಎತ್, ತ್ವೋ, ತ್ರೇ. ತ್ವೋ ಎಂದರೆ ಎರಡು. ಫಿಂಗ್ರಾರ್ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಎರಡು ಬೆರಳು. ಬಲಗೈಯಲ್ಲಿ ಏಕೆ ಹಿಡಿಯುತ್ತಿದ್ದರು ಎಂಬ ಕಥೆ ಫೋಟೊದ ಪಕ್ಕದಲ್ಲೇ ಇತ್ತು. ಅದನ್ನು ಅಲ್ಲಿ ಜೋಡಿಸಿದವಳು ನಾನು. ಆ ಪದದ ಉಂಗುರವನ್ನು ಸ್ಕೇಲು ಹಿಡಿದು ಕೂರಿಸಿದವಳೂ ನಾನೇ.

ಅರ್ಥ ಕೇಳಬಹುದಿತ್ತು. ಒಂದು ಗುರುವಾರ ಎದ್ದು ಹೋಗಿ, ನನಗೂ ಹೇಳಿ ಎಂದಿದ್ದರೆ ಇಂಜಿನಿಯರ್ ಹೇಳದೆ ಇರುತ್ತಿದ್ದರೇ? ಕುರ್ಚಿ ನನ್ನ ಬಳಿಗೇ ಬರಬೇಕೆಂದು ಕೂತಿದ್ದೆ.

ಶುಕ್ರವಾರ ಬೆಳಗ್ಗೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಾರಿನ ಕೀಲಿ ತೆಗೆದುಕೊಂಡು, "ಸಹಮ್‌ಗೆ ಎರಡು ಗಂಟೆ. ಫೋನಲ್ಲಿ ಹೇಳೋ ವಿಷಯ ಅಲ್ಲ ಇದು" ಎಂದರು. ಬಾತಿನಾ ಹೆದ್ದಾರಿಯಲ್ಲಿ ಒಂದಾದ ಮೇಲೆ ಒಂದು ವೃತ್ತ ದಾಟುವಾಗಲೂ ವಾಪಸ್ ಹೋಗೋಣ ಎನ್ನಬೇಕೆನಿಸುತ್ತಿತ್ತು. ಹೇಳಿದರೆ ಪ್ರೆಸ್ಸಿನಲ್ಲಿ ನನ್ನ ಕೆಲಸ ಉಳಿಯುವುದೇ? ಕೆಲಸ ಹೋದರೂ ನನಗೆ ಯಜಮಾನರ ವೀಸಾ ಇತ್ತು. ಮೂಡುಬಿದಿರೆಯ ವೀಸಾ ಪ್ರೆಸ್ಸಿನದೇ, ಕೆಲಸ ಹೋದರೆ ದೇಶವನ್ನೇ ಬಿಡಬೇಕು. ಅವರು 'ಸಾರಿ' ಎಂದದ್ದು ಏಕೆಂದು ಆಗ ಹೊಳೆಯಿತು.

ಇಂಜಿನಿಯರರ ಮನೆ ಸಮುದ್ರದ ಹತ್ತಿರ, ಖರ್ಜೂರದ ತೋಟದ ಪಕ್ಕ. ನಮ್ಮನ್ನು ನೋಡಿ ಆಶ್ಚರ್ಯಪಟ್ಟರು. ಯಜಮಾನರು ಹೊರಗೆ ಕಾರಿನ ಬಳಿಯೇ ಉಳಿದರು. ನಾನು ಕೂರದೆ, ನಿಂತೇ ಹೇಳಿದೆ. ಸಹಿಯಾದ ಮೇಲೆ ತಿರುಗಿಸಿದ್ದು ನಾನು. ಫೋನ್ ಬೇಡ ಎಂದವಳು ನಾನು. ಮೂಡುಬಿದಿರೆ ಸರಿಯಾಗಿಯೇ ಸ್ಕ್ಯಾನ್ ಮಾಡಿದ್ದರು.

ಇಂಜಿನಿಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪಿದೆ ಎಂದುಕೊಂಡು ತಿರುಗಿಸಿದಿರಾ?"

"ಅರ್ಧ ಅದಕ್ಕೆ" ಎಂದೆ.

"ಇನ್ನರ್ಧ?"

"ನೀವು ಯಾವಾಗಲೂ ಅವರ ಪಕ್ಕದಲ್ಲಿ ಕೂರುತ್ತಿದ್ದಿರಿ."

ಇಂಗ್ಲಿಷಿನಲ್ಲಿ ಹೇಳಿದಾಗ ಅದು ಇನ್ನೂ ಸಣ್ಣ ಮಾತಾಗಿ ಕೇಳಿತು. ಅವರು ನಗಲಿಲ್ಲ. ಕಿಟಕಿಯ ಕಡೆ ನೋಡಿ, "ನಿಮ್ಮ ಪುಟಗಳಲ್ಲಿ ನನಗೆ ಏನೂ ಹೇಳಬೇಕಾದದ್ದು ಇರಲಿಲ್ಲ. ಅದಕ್ಕೆ ಕೂರಲಿಲ್ಲ" ಎಂದರು. ಆಮೇಲೆ, "ಗದರಿಸಿಕೊಂಡದ್ದು ನಾನಲ್ಲ. ನೀವು ಹೇಳಬೇಕಾದದ್ದು ಅವರಿಗೆ. ಅದೂ ಯಾರೆಲ್ಲರ ಎದುರು ಗದರಿದರೋ ಅವರೆಲ್ಲರ ಎದುರು" ಎಂದರು. ಮಾತು ಮೆತ್ತಗಿತ್ತು, ಆದರೆ ಚಹಾ ಕುಡಿಯಿರಿ ಎನ್ನಲಿಲ್ಲ. ಹೊರಡುವಾಗ ನಾನು ಮೂರನೆಯ ಫಾರಂ ಮತ್ತೆ ಅಚ್ಚು ಹಾಕಿಸುತ್ತೇನೆ ಎಂದೆ. ಹೇಗೆಂದು ನನಗೂ ಗೊತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಮೆಷಿನ್ ಹಾಲಿನಲ್ಲಿ ಎಲ್ಲರೂ ಇದ್ದಾಗ ಹೇಳಿದೆ. ಮೊದಲು ಕನ್ನಡದಲ್ಲಿ ಮೂಡುಬಿದಿರೆಗೆ, ಆಮೇಲೆ ಹಿಂದಿಯಲ್ಲಿ ಎಲ್ಲರಿಗೂ. ಮ್ಯಾನೇಜರರ ಒಪ್ಪಿಗೆಯ ವಿಷಯ ಎತ್ತಲಿಲ್ಲ. ಅವರು ಸಿಡಿದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂಡುಬಿದಿರೆ ಕೈ ಕಟ್ಟಿ ನಿಂತಿದ್ದರು. "ಗೊತ್ತುಂಟು" ಎಂದರು. "ಫೈಲಲ್ಲಿ ಟೈಮ್ ಬರ್ತದೆ ಅಲ್ವಾ. ಮಂಗಳವಾರ ಹನ್ನೊಂದೂವರೆ. ನಾನು ಆವಾಗ ಸೊಹಾರಲ್ಲಿ ಇದ್ದೆ. ಗುರುವಾರವೇ ನೋಡಿದ್ದೇನೆ ನಾನು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಾ ಇಲ್ವಾ ಅಂತ ನೋಡುವ ಅಂತ ಇದ್ದೆ. ಇವತ್ತು ಸಂಜೆವರೆಗೆ. ಆಮೇಲೆ ನಾನು ಬಿಡ್ತಿರ್ಲಿಲ್ಲ ಮೇಡಂ."

ಮೇಡಂ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಆ ಪುಸ್ತಕಕ್ಕೆ ತರಿಸಿದ್ದ ಕಾಗದ ಉಳಿದ ಫಾರಮುಗಳಿಗೆ ಸರಿಹೋಗುವಷ್ಟೇ ಇತ್ತು. ಹೆಚ್ಚಿನದು ಇದೆಯೇ ಎಂದು ಕಪಾಟು, ಗೋದಾಮು ಹುಡುಕಿದರೆ ಅರ್ಧ ಫಾರಮಿಗೂ ಸಾಲದು. ಬೇರೆ ಕಾಗದ ಹಾಕಿದರೆ ನಡುವಿನ ಹದಿನಾರು ಪುಟ ಬೇರೆ ಬಣ್ಣಕ್ಕೆ ಕಾಣುತ್ತವೆ. ನಾನು ಮಸ್ಕತ್ತಿನ ಪ್ರೆಸ್ಸುಗಳಿಗೆಲ್ಲ ಫೋನು ಹಚ್ಚಿದೆ. ಅದೇ ತೂಕ, ಅದೇ ಬಿಳುಪು ಎಂದು ಕೇಳಿ ಕೇಳಿ ಗಂಟಲು ಕಟ್ಟಿತು. ಮೂರನೆಯ ದಿನ ರೂವಿಯ ಒಂದು ಪ್ರೆಸ್ಸಿನವರು, ಕ್ಯಾಲೆಂಡರಿಗೆಂದು ಇಟ್ಟ ಕಾಗದ ಇದೆ, ಮುಂದಿನ ತಿಂಗಳು ವಾಪಸ್ ಕೊಡುವುದಾದರೆ ಒಯ್ಯಿರಿ ಎಂದರು. ಅಷ್ಟರಲ್ಲಿ ಮ್ಯಾನೇಜರರೂ ತಣ್ಣಗಾಗಿ ವ್ಯಾನು ಕೊಟ್ಟರು.

ಪ್ಲೇಟಿಗೆ ಹೋಗುವ ಮೊದಲು ಆ ಪುಟದ ಪ್ರಿಂಟನ್ನು ಮೂಡುಬಿದಿರೆಯ ಮೇಜಿಗೆ ಒಯ್ದೆ. ಅವರು ಡ್ರಾಯರ್ ತೆರೆದು, ಕವರಿನಿಂದ ನೆಗೆಟಿವ್ ತೆಗೆದು, ಬೆಳಕಿನ ಪೆಟ್ಟಿಗೆಯ ಮೇಲೆ ಮಂಕು ಮುಖ ಕೆಳಗೆ ಮಾಡಿ ಇಟ್ಟು, ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ನೋಡಿದೆ. ಬಲಗೈ. ಪ್ರಿಂಟಿನ ಮೂಲೆಯಲ್ಲಿ ಇಬ್ಬರೂ ಸಹಿ ಹಾಕಿದೆವು.

ಮುಂದಿನ ವಾರವೆಲ್ಲ ಮಡಚುವುದು, ಫಾರಮುಗಳನ್ನು ಕ್ರಮಕ್ಕೆ ಜೋಡಿಸುವುದು. ನನ್ನ ಕೆಲಸವಲ್ಲದಿದ್ದರೂ ಬೈಂಡಿಂಗ್‌ನವರ ಜೊತೆ ಕೂತೆ. ಕೊನೆಯ ಪುಟಕ್ಕೆ ಇಂಜಿನಿಯರ್ ಕೃತಜ್ಞತೆಯ ಸಾಲು ಕಳಿಸಿದರು. ಮೂಡುಬಿದಿರೆಯ ಹೆಸರು ಒಂಟಿಯಾಗಿ ಒಂದು ಸಾಲಿನಲ್ಲಿ. ನನ್ನ ಹೆಸರು ಕೆಳಗೆ, ಪ್ರೆಸ್ಸಿನ ಇತರರ ಜೊತೆ. ಅದನ್ನು ಜೋಡಿಸಬೇಕಾದವಳೂ ನಾನೇ. ಅವರ ಹೆಸರಿನ ಕಾಗುಣಿತವನ್ನು ಎರಡು ಸಲ ನೋಡಿ, ಜೋಡಿಸಿದೆ. ಪುಸ್ತಕದ ಪೆಟ್ಟಿಗೆಗಳು ಹೇಳಿದ ದಿನವೇ ವಿಮಾನ ಹತ್ತಿದವು.

ಅಕ್ಟೋಬರಿನಲ್ಲಿ ಸ್ವೀಡನ್ನಿನಿಂದ ಒಂದು ಕಾಗದ ಬಂತು. ಇಂಜಿನಿಯರ್ ರಜೆಗೆ ಊರಿಗೆ ಹೋಗಿದ್ದರು. ಲಕೋಟೆಯ ಮೇಲೆ ಮೂಡುಬಿದಿರೆಯ ಹೆಸರಿತ್ತು. ಅವರು ಓದಿ ಮುಗಿಸುವವರೆಗೆ ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ, ಪರದೆಯಲ್ಲಿ ಏನಿತ್ತೆಂದೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಎದ್ದು ಬಂದು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಮೊದಲ ಪಂದ್ಯದ ದಿನ ಒಳಾಂಗಣದ ಬಾಗಿಲಲ್ಲಿ ಪುಸ್ತಕ ಕೊಂಡವರು ಆಟ ನೋಡದೆ ಪುಟ ತಿರುಗಿಸುತ್ತಾ ಕೂತಿದ್ದರಂತೆ. ತಂಡ ಸೋತಿತಂತೆ. ಇಂಜಿನಿಯರರ ತಾಯಿ ಎಂಬತ್ತು ದಾಟಿದವರು, ವೃದ್ಧಾಶ್ರಮದಲ್ಲಿದ್ದಾರೆ. ಅವರಿಗೆ ಒಂದು ಪ್ರತಿ ಒಯ್ದು ಆ ಪುಟ ತೆರೆದು ಕೊಟ್ಟಾಗ, ಬಹಳ ಹೊತ್ತು ನೋಡಿ, "ಆ ದಿನ ಬೆಳಗ್ಗೆ ನನ್ನ ಜೊತೆ ಜಗಳವಾಡಿ ಏನೂ ತಿನ್ನದೆ ಹೋಗಿದ್ದ" ಎಂದರಂತೆ. ಐವತ್ತು ವರ್ಷದಲ್ಲಿ ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲವಂತೆ.

ಮತ್ತೊಮ್ಮೆ ಓದಿದೆ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಮೂಡುಬಿದಿರೆ ಮೇಜಿನ ಬಳಿ ಬಂದು ನಿಂತದ್ದು ತಡವಾಗಿ ಗಮನಕ್ಕೆ ಬಂತು.

"ಓದಿ ಆಯ್ತಾ?" ಎಂದು ಕೈ ಚಾಚಿದರು. "ಕೊಡಿ. ಅದು ನನಗೆ ಬಂದದ್ದು."

ಹೌದು, ಅವರಿಗೆ ಬಂದದ್ದೇ. ನನಗೆ ಕೊಡಲು ಇಷ್ಟವಿರಲಿಲ್ಲ. ಕಾಗದವನ್ನು ಮೊದಲಿದ್ದ ಹಾಗೆಯೇ ಮಡಚಿ, ಅವರ ಕೈಯಲ್ಲಿಟ್ಟೆ.